ಬಸವಣ್ಣನವರ ಚಿತ್ರದ ಕೆಳಗೆ ಸತ್ಯಕ್ಕನ ಮಾತೂ ಇರಲಿ: ಸರ್ಕಾರಕ್ಕೊಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಮುಖ್ಯಮಂತ್ರಿಗಳಿಗೆ, ಸಂಪುಟದ ಎಲ್ಲ ಸಚಿವರಿಗೆ, ಬಸವಣ್ಣನವರ ಭಾವಚಿತ್ರ ಇರುವ ಪ್ರತಿ ಸರ್ಕಾರಿ ಕಚೇರಿಯ ಅಧಿಕಾರಿಗಳಿಗೆ,

ಶರಣು ಶರಣಾರ್ಥಿ.

2024ರ ಜನವರಿಯಲ್ಲಿ ರಾಜ್ಯ ಸಂಪುಟ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಅವರ ಚಿತ್ರ ಸರ್ಕಾರಿ ಕಚೇರಿಗಳ ಗೋಡೆ ಮೇಲೆ ಬಂತು. ಆ ಸುದ್ದಿ ಓದಿದ ದಿನ ನನಗೆ ತುಂಬಾ ಖುಷಿಯಾಗಿತ್ತು. ಅದು ಸರಿಯಾದ ನಿರ್ಧಾರ ಅಂತ ಇವತ್ತಿಗೂ ನಂಬಿದ್ದೇನೆ. ಚಿತ್ರ ಹಾಕಿದ ಮೇಲೆ ಮುಂದೇನು ಎಂದು ಕೇಳುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಒಬ್ಬರನ್ನು ನಾಯಕ ಎಂದು ಒಪ್ಪಿಕೊಂಡರೆ ಅವರು ಯಾವುದನ್ನು ನಂಬಿ ಬದುಕಿದರೋ ಅದನ್ನೂ ಒಪ್ಪಿಕೊಂಡ ಹಾಗೆ, ಅಲ್ವಾ? ದೇವರಿದ್ದಾನೋ ಇಲ್ಲವೋ ಎಂಬ ನಂಬಿಕೆಯ ಮಾತು ಇಲ್ಲಿ ಬೇಡ. ಊರಿನ ಜನ ಯಾವ ಕೆಲಸಕ್ಕೆ ಕೈ ಮುಗಿಯುತ್ತಾರೆ, ಯಾವ ಕೆಲಸಕ್ಕೆ ಮೂಗು ಮುರಿಯುತ್ತಾರೆ, ಮನೆಗೆ ಬಂದವರನ್ನು ಒಳಗೆ ಕೂರಿಸುತ್ತಾರೋ ಜಗಲಿಯಲ್ಲೇ ನಿಲ್ಲಿಸುತ್ತಾರೋ, ಮಗಳನ್ನು ಯಾರ ಮನೆಗೆ ಕೊಡುತ್ತಾರೆ, ಯಾರ ಮನೆಗೆ ಕೊಡುವುದಿಲ್ಲ. ಇವೆಲ್ಲದರ ಬುಡದಲ್ಲಿ ಒಂದೋ ಎರಡೋ ನಂಬಿಕೆಗಳು ಇರುತ್ತವೆ. ಅವು ಯಾವ ಕಡತದಲ್ಲೂ ಇರುವುದಿಲ್ಲ. ಮಕ್ಕಳು ದೊಡ್ಡವರನ್ನು ನೋಡಿ ಕಲಿಯುತ್ತಾರೆ. ಮನುಷ್ಯನೂ ಸಮಾಜವೂ ರೂಪುಗೊಳ್ಳುವುದು ಜಾಸ್ತಿ ಇಲ್ಲೇ.

ನಮ್ಮ ನಾಡಿನಲ್ಲಿ ಅಂಥ ಒಂದು ನಂಬಿಕೆ ಹುಟ್ಟಿ ಎಂಟು ನೂರು ವರ್ಷಗಳ ಮೇಲಾಯಿತು. ಅದು ಕಾಯಕದ ನಂಬಿಕೆ. ಅದರಲ್ಲಿ ಅರ್ಧವನ್ನು ನಾವು ಬದುಕಿ ತೋರಿಸಿದ್ದೇವೆ. ಇನ್ನರ್ಧವನ್ನು ಬರೀ ಬಾಯಲ್ಲಿ ಇಟ್ಟುಕೊಂಡಿದ್ದೇವೆ.

‘ಕಾಯಕವೇ ಕೈಲಾಸ’ ಎಂಬ ಮಾತನ್ನು ಬಹಳ ಜನ ಬಸವಣ್ಣನವರದು ಅನ್ನುತ್ತಾರೆ. ಅದು ಸಿಗುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ಮುಳುಗಿರುವಾಗ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ, ಅಂದರೆ ಊರೂರು ಸುತ್ತುವ ಶಿವಶರಣ, ಎದುರಿಗೇ ನಿಂತಿದ್ದರೂ ಹಂಗು ಹರಿಯಬೇಕು ಅನ್ನುತ್ತಾನೆ ಅವನು. ಹೀಗೆ ಹೇಳಿದವನು ಮಂತ್ರಿಯಲ್ಲ, ಪಂಡಿತನೂ ಅಲ್ಲ. ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಹೆಂಡತಿಯ ಜೊತೆ ಕಲ್ಯಾಣಕ್ಕೆ ಬಂದವನು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಆ ಅಕ್ಕಿಯಲ್ಲೇ ದಂಪತಿ ಜಂಗಮರಿಗೆ ದಾಸೋಹ ಮಾಡುತ್ತಿದ್ದರು.

ಒಂದು ದಿನ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ಬೇರೆ ಯಾವ ಮನೆಯಲ್ಲಾದರೂ ಹೆಂಡತಿ ಸಂತೋಷಪಡುತ್ತಿದ್ದಳು. ಲಕ್ಕಮ್ಮ ಗಂಡನನ್ನು ಬಾಗಿಲಲ್ಲೇ ತಡೆದು ಕೇಳಿದಳು: ‘ಈಸಕ್ಕಿಯಾಸೆ ನಿಮಗೇಕೆ?’ ಆಸೆ ಎಂಬುದು ಅರಸನಿಗಲ್ಲದೆ ಶಿವಭಕ್ತರಿಗುಂಟೆ ಎಂದು ಕೇಳಿದಳು. ಇದು ನಿಮ್ಮ ಮನಸ್ಸೋ, ಇಲ್ಲ ಬಸವಣ್ಣನಿಗೆ ನಮ್ಮ ಮೇಲೆ ಬಂದ ಅನುಮಾನವೋ ಎಂದೂ ಕೇಳಿದಳು. ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಅಂದಳು. ಮಾರಯ್ಯ ವಾಪಸ್ ಹೋದ.

ನಮ್ಮ ಶಾಲೆಗಳಲ್ಲಿ ಈ ಕಥೆಯನ್ನು ಲಕ್ಕಮ್ಮನ ದೊಡ್ಡತನದ ಕಥೆ ಅಂತ ಹೇಳಿ ಮುಗಿಸಿಬಿಡುತ್ತಾರೆ. ಅವಳು ಹಾಕಿದ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕು. ಮಾರಯ್ಯ ಕದ್ದಿರಲಿಲ್ಲ. ಬಿದ್ದಿದ್ದ ಅಕ್ಕಿಯನ್ನೇ ಆಯ್ದಿದ್ದ. ಆದರೂ ಅದು ಇವತ್ತಿನ ದುಡಿಮೆಗಿಂತ ಜಾಸ್ತಿ, ಇವತ್ತಿನ ಅಗತ್ಯಕ್ಕಿಂತ ಜಾಸ್ತಿ. ಹಾಗಾಗಿ ಅದು ನಮ್ಮದಲ್ಲ. ಕಾಯಕ ಎಂದರೆ ಇಷ್ಟೂ ಸೇರಿ. ಯಾವ ಕೆಲಸವೂ ಕೀಳಲ್ಲ ಎಂಬುದು ಒಂದು. ದುಡಿಯದೆ ಬಂದದ್ದನ್ನು ಮುಟ್ಟಬಾರದು, ಉಳಿದದ್ದನ್ನು ಇಟ್ಟುಕೊಳ್ಳಬಾರದು ಎಂಬುದು ಇನ್ನೊಂದು. ಬಸವಣ್ಣನವರೂ ಇದನ್ನೇ ಆಣೆ ಇಟ್ಟು ಹೇಳಿದರು: ಹೊನ್ನಿನಲ್ಲಿ ಒಂದು ಒರೆ, ಸೀರೆಯಲ್ಲಿ ಒಂದು ಎಳೆ, ಅನ್ನದಲ್ಲಿ ಒಂದು ಅಗುಳು ಇಂದಿಗೆ ನಾಳೆಗೆ ಬೇಕೆಂದೆನಾದರೆ ನಿಮ್ಮಾಣೆ ಎಂದು. ಈ ಮಾತು ಕಲ್ಯಾಣದ ದೊರೆ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದವರ ಬಾಯಿಂದ ಬಂದದ್ದು. ಖಜಾನೆ ಕೈಯಲ್ಲಿದ್ದವರು ಹಾಕಿಕೊಂಡ ಕಟ್ಟು ಅದು.

ಈ ನಂಬಿಕೆ ಕಲ್ಯಾಣದಲ್ಲಿ ಎಂಥ ಜನರನ್ನು ರೂಪಿಸಿತು ನೋಡಿ. ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಬಿದಿರಿನ ಬುಟ್ಟಿ ಹೆಣೆಯುವ ಕೇತಯ್ಯ, ಚಪ್ಪಲಿ ಹೊಲಿಯುವ ಹರಳಯ್ಯ, ಕದಿರಿನಲ್ಲಿ ನೂಲು ತೆಗೆಯುವ ರೆಮ್ಮವ್ವೆ, ಅಂಗಳ ಗುಡಿಸುವ ಸತ್ಯಕ್ಕ. ಅಲ್ಲಿಯವರೆಗೆ ಇಂಥವರ ಮಾತನ್ನು ಯಾರೂ ಬರೆದಿಟ್ಟವರಲ್ಲ. ತಮ್ಮ ಕೆಲಸಕ್ಕೆ ಬೆಲೆ ಇದೆ ಎಂದು ಗೊತ್ತಾದ ಕೂಡಲೇ ಅವರ ಮಾತಿಗೂ ಬೆಲೆ ಬಂತು. ಅವರು ತಮ್ಮದೇ ಅಂಕಿತ, ಅಂದರೆ ವಚನದ ಕೊನೆಯ ಗುರುತಿನ ಹೆಸರು, ಇಟ್ಟು ವಚನ ಹೇಳಿದರು. ಅದು ಹನ್ನೆರಡನೇ ಶತಮಾನ ಎಂಬುದನ್ನು ಮರೆಯಬೇಡಿ. ‘ಕಾಸಿ ಕಮ್ಮಾರನಾದ, ಬೀಸಿ ಮಡಿವಾಳನಾದ’ ಎಂದು ಬಸವಣ್ಣ ಹೇಳಿದಾಗ ಜಾತಿಯನ್ನು ಹುಟ್ಟಿನಿಂದ ಬಿಡಿಸಿ ಕೈಗೆ ತಂದು ಇಟ್ಟರು. ಕಿವಿಯಲ್ಲಿ ಹುಟ್ಟಿದವರು ಜಗತ್ತಿನಲ್ಲಿ ಯಾರಾದರೂ ಇದ್ದಾರಾ ಎಂದೂ ಅದೇ ವಚನದಲ್ಲಿ ಕೇಳಿದರು.

ಇದಕ್ಕೆ ಅವರು ತೆತ್ತ ಬೆಲೆಯೂ ದೊಡ್ಡದೇ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳಿಗೂ ಮದುವೆಯಾಯಿತು. ಅರಮನೆ ಅದನ್ನು ಸಹಿಸಲಿಲ್ಲ. ಹರಳಯ್ಯ, ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿ ಊರಲ್ಲಿ ಎಳೆಸಿದರು. ಶರಣರು ದಿಕ್ಕಾಪಾಲಾದರು. ಚೆನ್ನಬಸವಣ್ಣನವರ ಜೊತೆ ಒಂದು ಗುಂಪು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ದಾರಿ ಹಿಡಿಯಿತು. ಎಲ್ಲರೂ ಒಂದೇ ಎಂದು ಬಾಯಲ್ಲಿ ಹೇಳುವವರೆಗೂ ಬಿಜ್ಜಳನ ರಾಜ್ಯ ಸುಮ್ಮನಿತ್ತು. ಆ ಮಾತು ಹಸೆಮಣೆಗೆ ಬಂದ ದಿನ ಕತ್ತಿ ಹೊರಬಂತು.

ಆದರೂ ಕಾಯಕದ ನಂಬಿಕೆ ಸಾಯಲಿಲ್ಲ. ನಮ್ಮ ನಾಡನ್ನು ಅದು ಬದಲಿಸಿದ ರೀತಿಯನ್ನು ನೆನೆದರೆ ಎದೆ ತುಂಬಿ ಬರುತ್ತದೆ. ಅದರ ದಾಸೋಹದ ಭಾಗ ಮಠಗಳ ಅಡುಗೆಮನೆಯಲ್ಲಿ ಉಳಿದುಕೊಂಡಿತು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಜಾತಿ ಕೇಳದ ಪಂಕ್ತಿಯಲ್ಲಿ ಕೂತು ಉಂಡರು, ಓದಿದರು, ಈಗಲೂ ಓದುತ್ತಿದ್ದಾರೆ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ದಿನ ಲಕ್ಷಾಂತರ ಜನ ಅಲ್ಲಿ ಸೇರಿದ್ದು ಪವಾಡದ ಆಸೆಗಲ್ಲ. ತಮಗೆ, ತಮ್ಮ ಅಪ್ಪನಿಗೆ, ತಮ್ಮ ಮೇಷ್ಟರಿಗೆ ಆ ಮಠದ ಅನ್ನದ ಋಣ ಇತ್ತು. ಧಾರವಾಡ, ಗದಗ, ಚಿತ್ರದುರ್ಗ, ಎಲ್ಲೇ ಹೋಗಿ, ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ಒಬ್ಬರಾದರೂ ಸಿಗುತ್ತಾರೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಬಂದವರಿಗೆ ‘ಉಂಡ ಹೋಗ್ರಿ’ ಅನ್ನುವುದು ಬರೀ ಉಪಚಾರದ ಮಾತು ಎಂದು ನನಗೆ ಅನ್ನಿಸುವುದಿಲ್ಲ. ಹಸಿದವರನ್ನು ಕಳಿಸಿದರೆ ತಪ್ಪು ಎಂಬ ನಂಬಿಕೆ ಅದರ ಹಿಂದೆ ಇದೆ. ಇದಕ್ಕೆ ಯಾವ ಕಾಯ್ದೆಯೂ ಬೇಕಾಗಲಿಲ್ಲ.

ಫ.ಗು. ಹಳಕಟ್ಟಿಯವರನ್ನೂ ಇಲ್ಲೇ ನೆನೆಯಬೇಕು. ವಿಜಯಪುರದಲ್ಲಿ ವಕೀಲರಾಗಿದ್ದವರು. ಆಗ ವಚನಗಳ ತಾಡೋಲೆ ಕಟ್ಟುಗಳು ಎಷ್ಟೋ ಮನೆಗಳಲ್ಲಿ ದೇವರ ಜಗಲಿಯ ಮೇಲೆ ಇದ್ದವು. ಮನೆಯವರು ಅರಿಸಿನ ಕುಂಕುಮ ಹಚ್ಚಿ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ಕಡಿಮೆ. ಹಳಕಟ್ಟಿಯವರು ಊರೂರು ಅಲೆದು ಆ ಕಟ್ಟುಗಳನ್ನು ಹುಡುಕಿದರು. ನಕಲು ಮಾಡಿದರು. 1923ರಲ್ಲಿ ಮೊದಲ ದೊಡ್ಡ ಸಂಗ್ರಹವನ್ನು ಅಚ್ಚು ಹಾಕಿಸಿದರು. ಇರುವ ಮನೆಯನ್ನೇ ಮಾರಿ ಮುದ್ರಣಾಲಯ ಕೊಂಡರು. ಇವತ್ತು ಈ ಪತ್ರದಲ್ಲಿ ನಾನು ಲಕ್ಕಮ್ಮನ ಮಾತು ಬರೆಯುವುದಕ್ಕೆ ಆಗುತ್ತಿರುವುದು ಅವರಿಂದ. ಪೂಜೆ ಮಾಡಿದವರೂ ಆ ಓಲೆಗಳನ್ನು ಕಾಪಾಡಿದರು, ಅವರಿಗೂ ನಾವು ಋಣಿಗಳು. ಆದರೆ ಓಲೆಯಲ್ಲಿದ್ದ ನಂಬಿಕೆ ಮತ್ತೆ ಕೆಲಸ ಶುರು ಮಾಡಿದ್ದು ಕಟ್ಟು ಬಿಚ್ಚಿದ ಮೇಲೆಯೇ.

ಇನ್ನು ನಾವು ಬದುಕದೇ ಬಿಟ್ಟ ಅರ್ಧದ ವಿಷಯ.

ಯಾವ ಕೆಲಸವೂ ಕೀಳಲ್ಲ ಎಂದ ನಾಡು ಇದು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ತಲೆಮಾರುಗಳಿಂದ ಊರಿನ ಹೊಲಸು ಹೊತ್ತವರು ಅವರು. ಅವರು ಬಾಳುತ್ತಿದ್ದ ಜಾಗದಿಂದ ಅವರನ್ನು ಎಬ್ಬಿಸುವ ಪ್ರಯತ್ನ ನಡೆದಿತ್ತು. ಎಷ್ಟು ಹೇಳಿದರೂ ಯಾರೂ ಕೇಳಿಸಿಕೊಳ್ಳದಿದ್ದಾಗ ಮನುಷ್ಯ ಎಲ್ಲಿಗೆ ಬಂದು ನಿಲ್ಲುತ್ತಾನೆ ಎಂದು ಆ ದಿನ ನಾಡೆಲ್ಲ ನೋಡಿತು. ಅದರ ಮುಂದಿನ ವರ್ಷವೇ ಕೆಜಿಎಫ್‌ನಲ್ಲಿ ಮಲದ ಗುಂಡಿಗೆ ಇಳಿದ ಮೂವರು ಸತ್ತರು.

ಕಾನೂನು ಇರಲಿಲ್ಲವೇ? ಇತ್ತು. ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟವರು. ಕೇಂದ್ರದ ಕಾಯ್ದೆ 1993ರಲ್ಲಿ ಬಂತು. ಇನ್ನೂ ಬಿಗಿಯಾದ ಕಾಯ್ದೆ 2013ರಲ್ಲಿ ಬಂತು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಮೂರು ಪಟ್ಟಾಯಿತು. ಆದರೂ ಆ ಗುಂಡಿಗೆ ಇಳಿಯುವವರ ಜಾತಿ ಯಾವುದು ಎಂದು ಯಾರೂ ಕೇಳಬೇಕಾಗಿಲ್ಲ, ಎಲ್ಲರಿಗೂ ಗೊತ್ತು. ‘ಅವರೇ ಇಳಿಯಬೇಕು’ ಎಂಬುದು ನಮ್ಮೊಳಗೆ ಕೂತಿರುವ ಇನ್ನೊಂದು ನಂಬಿಕೆ. ಕಾಯಕದ ನಂಬಿಕೆಗಿಂತ ಅದು ಹಳೆಯದು. ಅದರ ಬೇರು ಇನ್ನೂ ಆಳಕ್ಕೆ ಇಳಿದಿದೆ.

ನಮ್ಮ ಬೀದಿ ಗುಡಿಸುವ ಹೆಣ್ಣುಮಕ್ಕಳು ಬೆಳಗ್ಗೆ ಕೆಲಸ ಮುಗಿಸಿ ಒಂದು ಮನೆಯ ಕಟ್ಟೆ ಮೇಲೆ ಕೂರುತ್ತಾರೆ. ಆ ಮನೆಯವರು ಒಳ್ಳೆಯವರು, ದಿನಾ ಚಹಾ ಕೊಡುತ್ತಾರೆ. ಮನೆಗೆ ಬಂದ ನೆಂಟರಿಗೆ ಸ್ಟೀಲ್ ಲೋಟ. ಇವರಿಗೆ ಪೇಪರ್ ಕಪ್. ಕುಡಿದ ಮೇಲೆ ಆ ಕಪ್‌ಗಳನ್ನು ಅವರೇ ತಮ್ಮ ಗಾಡಿಯಲ್ಲಿ ಹಾಕಿಕೊಂಡು ಹೋಗುತ್ತಾರೆ. ಅದೇ ಮನೆಯ ಬಾಗಿಲ ಮೇಲೆ ‘ಕಾಯಕವೇ ಕೈಲಾಸ’ ಎಂದು ಕೆತ್ತಿದ ಹಲಗೆ ಇದೆ. ಆ ಮನೆಯವರನ್ನು ಬೈಯುವುದಕ್ಕೆ ನನಗೆ ಮನಸ್ಸಿಲ್ಲ. ಚಹಾ ಕೊಡದವರೇ ಜಾಸ್ತಿ. ಆದರೆ ಎರಡು ನಂಬಿಕೆಗಳು ಒಂದೇ ಹೊಸ್ತಿಲಲ್ಲಿ ಹೀಗೆ ಒಟ್ಟಿಗೆ ಇರುತ್ತವೆ. ಯಾವುದು ಗೆಲ್ಲುತ್ತಿದೆ ಎಂಬುದು ಲೋಟದಲ್ಲಿ ಗೊತ್ತಾಗುತ್ತದೆ.

ಇದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದಿದೆ. ಕಾಯಕದ ಮಾತನ್ನು ನಾವು ದುಡಿಯುವವರ ಬಾಯಿ ಮುಚ್ಚಿಸಲು ಬಳಸುತ್ತಿದ್ದೇವೆ. ಗುತ್ತಿಗೆ ನೌಕರರು ಸಂಬಳ ತಡವಾಯಿತು ಅಂದರೆ ‘ಕಾಯಕ ಮಾಡಿ, ಫಲ ಬರುತ್ತೆ’ ಎಂಬ ಉಪದೇಶ. ಅಂಗನವಾಡಿ, ಆಶಾ ಕಾರ್ಯಕರ್ತೆಯರು ಗೌರವಧನ ಹೆಚ್ಚಿಸಿ ಅಂತ ಧರಣಿ ಕೂತರೆ ‘ಇದು ಸೇವೆ, ಕಾಯಕ’ ಎಂಬ ಹೊಗಳಿಕೆ. ಮಾರಯ್ಯನ ವಚನವನ್ನು ಮತ್ತೆ ಓದಿ. ಜಂಗಮ ಬಂದು ನಿಂತರೂ ಹಂಗು ಹರಿಯಬೇಕು ಅಂದವನು ಅವನು. ಕಾಯಕ ಮಾಡುವವನು ಯಾರ ಹಂಗಿನಲ್ಲೂ ಇರಬಾರದು ಎಂಬುದು ಅದರ ಒಳಗಿನ ಮಾತು. ಅಂಥ ವಚನವನ್ನು ಹಿಡಿದು ತಗ್ಗಿ ಬಗ್ಗಿ ನಡೆಯಿರಿ ಎಂದು ಬಡವರಿಗೆ ಹೇಳುವುದು ಅನ್ಯಾಯ.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. 2025ರ ಮೇ ದಿನದಂದು ಬೆಂಗಳೂರಿನಲ್ಲಿ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಕೊಟ್ಟಿರಿ. ವರ್ಷಗಟ್ಟಲೆ ಗುತ್ತಿಗೆದಾರನ ಮುಂದೆ ಕೈಕಟ್ಟಿ ನಿಂತವರಿಗೆ ಅದು ಹಂಗು ಹರಿದ ದಿನ. ಬಸವಣ್ಣನವರನ್ನು ನಾಯಕ ಎಂದು ಕರೆದ ಸರ್ಕಾರ ಮಾಡಬೇಕಾದ ಕೆಲಸ ಅಂಥದ್ದು. ನಾನು ಕೇಳುತ್ತಿರುವುದು ಆ ದಾರಿಯಲ್ಲಿ ಇನ್ನಷ್ಟು ನಡೆಯಿರಿ ಎಂದು.

ಈಗ ಕಚೇರಿಗಳ ಮಾತಿಗೆ ಬರುತ್ತೇನೆ. ಒಂದು ಕಚೇರಿಯಲ್ಲಿ ನಾನು ನೋಡಿದ್ದು ಇದು. ಹೆಸರು ಬೇಡ, ಇಂಥದ್ದು ಅದೊಂದರಲ್ಲೇ ನಡೆಯುವುದೂ ಅಲ್ಲ. ಗೋಡೆ ಮೇಲೆ ಬಸವಣ್ಣನವರ ಚಿತ್ರ, ಗಾಜಿಗೆ ಹಚ್ಚಿದ ಗಂಧ ಒಣಗಿತ್ತು, ಪ್ಲಾಸ್ಟಿಕ್ ಹೂವಿನ ಹಾರ ಇತ್ತು. ಕೆಳಗೆ ಗುಮಾಸ್ತರ ಮೇಜು. ಎದುರಿಗೆ ಒಬ್ಬ ಅಜ್ಜಿ, ವಿಧವಾ ವೇತನ ಯಾಕೆ ನಿಂತುಹೋಯಿತು ಅಂತ ಕೇಳಲು ಬಂದವಳು. ‘ನಾಳೆ ಬಾ’ ಎಂದು ಗುಮಾಸ್ತರು ತಲೆ ಎತ್ತದೆ ಹೇಳಿದರು. ಅಜ್ಜಿ ಹೋಗಲಿಲ್ಲ. ಸೆರಗಿನ ಗಂಟು ಬಿಚ್ಚಿದಳು. ನಾಲ್ಕು ಮಡಿಕೆ ಮಾಡಿದ ನೋಟು ತೆಗೆದು ಅರ್ಜಿಯ ಕೆಳಗೆ ಇಟ್ಟು ಮೇಜಿನ ಮೇಲೆ ಸರಿಸಿದಳು. ಯಾರೂ ಅವಳನ್ನು ಕೇಳಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಕಚೇರಿ ಅಂದರೆ ಹೀಗೇ ಎಂಬ ನಂಬಿಕೆ ಅವಳ ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಗುಮಾಸ್ತರು ಅರ್ಜಿ ತೆಗೆದುಕೊಂಡರು, ನೋಟು ಡ್ರಾಯರ್‌ಗೆ ಹೋಯಿತು, ಅವಳ ಕಡತ ಆಗಲೇ ಸಿಕ್ಕಿತು.

ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದಿದೆ. ಕಾಲಮಿತಿಯಲ್ಲಿ ಕೆಲಸ ಮಾಡಿಕೊಡಬೇಕು ಎಂಬ ಸಕಾಲ ಯೋಜನೆ 2012ರಿಂದ ಇದೆ. ಲೋಕಾಯುಕ್ತ ಇದೆ. ಇವೆಲ್ಲ ಬೇಕು. ಆದರೆ ಕಾನೂನು ನೋಡುವಾಗ ಮಾತ್ರ ಕೈ ಹಿಂದೆ ಹೋಗುತ್ತದೆ. ಯಾರೂ ನೋಡದಿರುವಾಗ ಕೈ ಹಿಂದೆ ಹೋಗಬೇಕಾದರೆ ಒಳಗೊಂದು ನಂಬಿಕೆ ಬೇಕು. ಇದು ನನ್ನ ಮಾತಲ್ಲ, ಸತ್ಯಕ್ಕನದು. ಅಂಗಳ ಗುಡಿಸುತ್ತಿದ್ದ ಆಕೆ ಹೇಳಿದ್ದು ಹೀಗೆ:

‘ಲಂಚ ವಂಚನಕ್ಕೆ ಕೈಯಾನದ ಭಾಷೆ, ಬಟ್ಟೆಯಲ್ಲಿ ಹೊನ್ನ ವಸ್ತ್ರ ಬಿದ್ದಿದ್ದಡೆ ಕೈ ಮುಟ್ಟಿ ಎತ್ತಿದೆನಾದಡೆ ನಿಮ್ಮಾಣೆ, ನಿಮ್ಮ ಪ್ರಮಥರಾಣೆ.’

ಲಂಚಕ್ಕೆ ಕೈ ಚಾಚುವುದಿಲ್ಲ, ದಾರಿಯಲ್ಲಿ ಚಿನ್ನವೇ ಬಿದ್ದಿರಲಿ, ಬಟ್ಟೆಯೇ ಬಿದ್ದಿರಲಿ, ಮುಟ್ಟಿ ಎತ್ತುವುದಿಲ್ಲ. ಪೊರಕೆ ಹಿಡಿದ ಹೆಣ್ಣುಮಗಳು, ಬಡವಿ, ಎಂಟು ನೂರು ವರ್ಷಗಳ ಹಿಂದೆ, ಕನ್ನಡದಲ್ಲಿ ಹೀಗೆ ಆಣೆ ಇಟ್ಟಳು. ಇದಕ್ಕಿಂತ ದೊಡ್ಡ ಮಾತನ್ನು ಯಾವ ಕಚೇರಿಯ ಗೋಡೆಯ ಮೇಲೂ ನಾನು ನೋಡಿಲ್ಲ.

ಹಾಗಾಗಿ ನನ್ನ ಮೊದಲ ಬೇಡಿಕೆ ಇದೇ. ಬಸವಣ್ಣನವರ ಚಿತ್ರ ಇರುವ ಪ್ರತಿ ಕಚೇರಿಯಲ್ಲೂ ಸತ್ಯಕ್ಕನ ಈ ವಚನವನ್ನು, ಅದರ ಸರಳ ಅರ್ಥದೊಂದಿಗೆ, ಜನ ನಿಲ್ಲುವ ಕಡೆ, ದೊಡ್ಡ ಅಕ್ಷರದಲ್ಲಿ ಹಾಕಿಸಿ. ಸಾಹೇಬರ ಕೊಠಡಿಯೊಳಗೆ ಬೇಡ. ಅರ್ಜಿ ಹಿಡಿದು ನಿಂತ ಅಜ್ಜಿಗೆ ಕಾಣಬೇಕು, ಓದು ಬಾರದಿದ್ದರೆ ಪಕ್ಕದವರು ಅವಳಿಗೆ ಓದಿ ಹೇಳಬೇಕು. ಅದರ ಕೆಳಗೆ, ಯಾವ ಕೆಲಸಕ್ಕೆ ಎಷ್ಟು ದಿನ, ಎಷ್ಟು ಶುಲ್ಕ, ದೂರು ಕೊಡುವ ನಂಬರ್ ಯಾವುದು ಎಂದೂ ಬರೆಸಿ.

ಎರಡನೆಯದು ಒಳಚರಂಡಿ. ಯಂತ್ರ ಇಲ್ಲದ ಸಣ್ಣ ಪಟ್ಟಣಗಳಿಗೆ ಮೊದಲು ಯಂತ್ರ ಕೊಡಿ. ಮನುಷ್ಯರನ್ನು ಇಳಿಸಿದ ಕಡೆ ಗುತ್ತಿಗೆದಾರನ ಜೊತೆಗೆ ಅಲ್ಲಿಯ ಹೊಣೆ ಹೊತ್ತ ಅಧಿಕಾರಿಯ ಮೇಲೂ ಕೇಸ್ ಹಾಕಿ. ಬೆಂಗಳೂರಿನಲ್ಲಿ ಕೊಟ್ಟ ಕಾಯಂ ಪತ್ರ ಸಣ್ಣ ಊರುಗಳ ಗುತ್ತಿಗೆ ಪೌರಕಾರ್ಮಿಕರಿಗೂ ಸಿಗಲಿ.

ಮೂರನೆಯದು ಜಯಂತಿಗಳ ವಿಷಯ. ಮಾಚಿದೇವ ಜಯಂತಿ, ಅಂಬಿಗರ ಚೌಡಯ್ಯ ಜಯಂತಿ, ಹಡಪದ ಅಪ್ಪಣ್ಣ ಜಯಂತಿ ಎಲ್ಲವನ್ನೂ ಸರ್ಕಾರ ಮಾಡುತ್ತದೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಹರಳಯ್ಯ ಮುಂತಾದವರಿಗೆ ಕಾಯಕ ಶರಣರ ಜಯಂತಿ ಎಂದು ಬೇರೆಯೇ ದಿನ ಇದೆ. ಆ ಸಮುದಾಯಗಳು ತಮ್ಮ ಶರಣರಿಗೆ ಒಂದು ದಿನ ಬೇಕೆಂದದ್ದು ಸರಿಯೇ. ಬೇರೆಯವರು ನೆನೆಯದಿದ್ದರೆ ತಮ್ಮವರನ್ನು ತಾವೇ ನೆನೆಯಬೇಕಲ್ಲ. ಆದರೆ ಈ ಸಭೆಗಳಿಗೆ ಹೋಗಿ ನೋಡಿ. ನಾನು ಕಂಡ ಹಾಗೆ ಮಡಿವಾಳರ ಸಭೆಗೆ ಮಡಿವಾಳರು, ಅಂಬಿಗರ ಸಭೆಗೆ ಅಂಬಿಗರು. ಅಧಿಕಾರಿಗಳು ಬಂದು ದೀಪ ಹಚ್ಚಿ ಹೊರಡುತ್ತಾರೆ. ‘ಅಪ್ಪನು ನಮ್ಮ ಮಾದಾರ ಚೆನ್ನಯ್ಯ’ ಎಂದು ಬಸವಣ್ಣ ಹೇಳಿದ್ದರು. ಮಗನ ಜಯಂತಿಗೆ ಅಷ್ಟು ಜನ, ಅಪ್ಪನ ಜಯಂತಿಗೆ ಖಾಲಿ ಕುರ್ಚಿ. ಇದು ಬದಲಾಗಬೇಕು. ಜಿಲ್ಲಾಧಿಕಾರಿಗಳು, ಶಾಸಕರು, ಬಸವ ಜಯಂತಿ ಮೆರವಣಿಗೆಯಲ್ಲಿ ಮುಂದೆ ನಿಲ್ಲುವ ಮುಖಂಡರು ಈ ಸಭೆಗಳಿಗೂ ಬರಲಿ. ಕೊನೆಯವರೆಗೆ ಕೂರಲಿ. ಜೊತೆಗೆ ಊಟ ಮಾಡಲಿ.

ಕೊನೆಯದಾಗಿ ಹರಳಯ್ಯ, ಮಧುವರಸರ ಮಕ್ಕಳ ಮಾತು. ಜಾತಿ ಮೀರಿ ಮದುವೆಯಾದ ಹುಡುಗ ಹುಡುಗಿಯರನ್ನು ಸ್ವಂತ ಮನೆಯವರೇ ಕೊಲ್ಲುವ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಇನ್ನೂ ಬರುತ್ತಿದೆ. ‘ಇವ ನಮ್ಮವ’ ಎಂದು ಮಕ್ಕಳಿಂದ ಹಾಡಿಸಿದ ಊರಿನಲ್ಲೇ ಬರುತ್ತಿದೆ. ಅಂಥ ಜೋಡಿ ಠಾಣೆಗೆ ಓಡಿ ಬಂದರೆ, ಅಪ್ಪ ಅಮ್ಮನನ್ನು ಕರೆಸಿ ರಾಜಿ ಮಾಡಿಸಲು ಹೊರಡುವ ಪೊಲೀಸರು ಎಷ್ಟೋ ಸಲ ಅವರನ್ನು ಸಾವಿನ ಬಾಯಿಗೇ ಒಪ್ಪಿಸುತ್ತಾರೆ. ಪ್ರತಿ ಜಿಲ್ಲೆಯಲ್ಲೂ ಇಂಥವರಿಗೆ ಉಳಿಯಲು ಭದ್ರವಾದ ಒಂದು ಮನೆ ಇರಲಿ. ಅದಕ್ಕೆ ಹರಳಯ್ಯನ ಹೆಸರಿಡಿ. ಮಠಾಧೀಶರಿಗೂ ಇಲ್ಲಿ ಒಂದು ಮನವಿ. ನಿಮ್ಮ ದಾಸೋಹ ಲಕ್ಷಾಂತರ ಮಕ್ಕಳನ್ನು ಬೆಳೆಸಿದೆ, ನಿಮ್ಮ ಮಾತು ಮನೆಯೊಳಗೆ ನಡೆಯುತ್ತದೆ. ಇಂಥ ಮದುವೆಗಳನ್ನು ನಿಮ್ಮ ಮಠದಲ್ಲಿ, ನಿಮ್ಮ ಎದುರಿಗೆ ಮಾಡಿಸಿ. ಸರ್ಕಾರದ ಹತ್ತು ಆದೇಶ ಮಾಡಲಾಗದ್ದು ಅಲ್ಲಿ ಆಗುತ್ತದೆ.

ಇವುಗಳಲ್ಲಿ ಸತ್ಯಕ್ಕನ ವಚನ ಹಾಕಿಸಲು ಬಜೆಟ್ ಬೇಕಾಗಿಲ್ಲ, ಒಂದು ಸುತ್ತೋಲೆ ಸಾಕು. ಬರುವ ಬಸವ ಜಯಂತಿಯೊಳಗೆ ಅದನ್ನು ಹೊರಡಿಸಿ ಎಂದು ಕೇಳಿಕೊಳ್ಳುತ್ತೇನೆ. ಉಳಿದ ಮೂರಕ್ಕೆ ಎಷ್ಟು ಸಮಯ ಬೇಕು, ಯಾವ ಇಲಾಖೆ ಹೊಣೆ ಎಂಬುದನ್ನು ಬಹಿರಂಗವಾಗಿ ತಿಳಿಸಿ.

ಇಂತಿ,
ನಿಮ್ಮ ಉತ್ತರಕ್ಕೆ ಕಾಯುವ ಒಬ್ಬ ಕನ್ನಡಿಗ